ಒಂದು ಮೂಗಿನ ಸ್ಪ್ರೇ, ಹದಿನೈದು ವರ್ಷಗಳ ವಿಶ್ವಾಸ: ಆಕ್ಸಿಟೋಸಿನ್ ಪ್ರಕರಣದಲ್ಲಿ ಮುಕ್ತ ಸಂಶೋಧನೆಯ ಪಾತ್ರ

2005ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯು ನಾಲ್ಕು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿತು. ಮೂಗಿನೊಳಗೆ ಆಕ್ಸಿಟೋಸಿನ್ ಸಿಂಪಡಿಸಿಕೊಂಡವರು ಅಪರಿಚಿತರನ್ನು ಹೆಚ್ಚು ನಂಬುತ್ತಾರೆ ಎಂಬುದು ಅದರ ತಿರುಳು. ಹೆರಿಗೆಯ ಹೊತ್ತಿನಲ್ಲಿ ಗರ್ಭಕೋಶವನ್ನು ಸಂಕುಚಿಸುವ, ಮೊಲೆಯೂಡುವಾಗ ಹಾಲು ಇಳಿಯುವಂತೆ ಮಾಡುವ ಹಾರ್ಮೋನು ಎಂದು ವೈದ್ಯರಿಗೆ ಬಹುಕಾಲದಿಂದ ಗೊತ್ತಿದ್ದ, ಒಂಬತ್ತೇ ಅಮೈನೊ ಆಮ್ಲಗಳ ಈ ಪುಟ್ಟ ಪೆಪ್ಟೈಡ್ ಅಂದಿನಿಂದ ಅರ್ಥಶಾಸ್ತ್ರಜ್ಞರ, ಮನಶ್ಶಾಸ್ತ್ರಜ್ಞರ, ಮನೋವೈದ್ಯರ ಚರ್ಚೆಯ ವಸ್ತುವಾಯಿತು. ಜನಪ್ರಿಯ ಬರಹಗಳಲ್ಲಿ ಅದು ‘ಪ್ರೀತಿಯ ಹಾರ್ಮೋನು’ ಎನಿಸಿಕೊಂಡಿತು. ಮೈಮೇಲೆ ಸಿಂಪಡಿಸಿಕೊಂಡರೆ ಎದುರಿನವರು ನಂಬುತ್ತಾರೆ ಎಂಬ ಭರವಸೆಯೊಂದಿಗೆ ಬಾಟಲಿಗಳೂ ಮಾರಾಟಕ್ಕೆ ಬಂದವು. 2020ರಲ್ಲಿ, ಅದೇ ಮೂಲ ಪ್ರಬಂಧದ ಲೇಖಕರಲ್ಲೊಬ್ಬರು ಸಹಲೇಖಕರಾಗಿದ್ದ, ಹಲವು ಪಟ್ಟು ದೊಡ್ಡದಾದ ಮರುಪ್ರಯೋಗವೊಂದರ ಫಲಿತಾಂಶ ಹೊರಬಂದಿತು. ಅದರಲ್ಲಿ ಆ ಪರಿಣಾಮ ಕಾಣಿಸಲಿಲ್ಲ.

ಈ ಎರಡು ಪ್ರಬಂಧಗಳ ನಡುವಣ ಹದಿನೈದು ವರ್ಷಗಳೇ ಇಲ್ಲಿನ ಅಧ್ಯಯನದ ವಸ್ತು. ಹಾರ್ಮೋನು ಮತ್ತು ವರ್ತನೆಯ ವಿಜ್ಞಾನದಲ್ಲಿ ಇದಕ್ಕಿಂತ ನಾಟಕೀಯವಾದ ಪ್ರಕರಣಗಳಿವೆ. ಆದರೂ ಇದನ್ನೇ ಆರಿಸಿಕೊಳ್ಳಲು ಕಾರಣವಿದೆ: ಇಲ್ಲಿ ಯಾರೂ ವಂಚಿಸಲಿಲ್ಲ, ಯಾರೂ ದತ್ತಾಂಶವನ್ನು ಸೃಷ್ಟಿಸಲಿಲ್ಲ, ಮೂಲ ಪ್ರಯೋಗವು ಅಂದಿನ ಅಳತೆಗೋಲಿನಲ್ಲಿ ಅಚ್ಚುಕಟ್ಟಾದದ್ದೇ ಆಗಿತ್ತು. ಹಾಗಿದ್ದೂ ಒಂದು ದುರ್ಬಲ ಫಲಿತಾಂಶ ಒಂದೂವರೆ ದಶಕ ಬಾಳಿತು ಎಂದರೆ, ದೋಷವನ್ನು ವ್ಯಕ್ತಿಗಳಲ್ಲಿ ಹುಡುಕುವುದಕ್ಕಿಂತ ಕೆಲಸದ ಕ್ರಮದಲ್ಲಿ ಹುಡುಕುವುದು ಲೇಸು. ನನ್ನ ಅಭಿಪ್ರಾಯದಲ್ಲಿ, ಇಡೀ ಪ್ರಕರಣದಲ್ಲಿ ನಿರ್ಣಾಯಕವಾದ ತೀರ್ಮಾನಗಳೆಲ್ಲ ಮೊದಲ ಭಾಗಿದಾರ ಪ್ರಯೋಗಾಲಯಕ್ಕೆ ಕಾಲಿಡುವ ಮುನ್ನವೇ ಆಗಬೇಕಾಗಿದ್ದವು, ಮತ್ತು ಇತರರು ಓದಬಹುದಾದ ಕಡೆ ದಾಖಲಾಗಬೇಕಾಗಿದ್ದವು. ಅವು ಹೀಗೆ ದಾಖಲಾಗುವ, ಮುಕ್ತ ಸಂಶೋಧನೆ ಎನಿಸಿದ ಪದ್ಧತಿ ಬರುವಷ್ಟರಲ್ಲಿ ನೂರಾರು ಪ್ರಬಂಧಗಳು ಆ ಮೊದಲ ಫಲಿತಾಂಶದ ಮೇಲೆ ಕಟ್ಟಿಕೊಂಡಿದ್ದವು.

ಮೂಲ ಪ್ರಯೋಗ

ಝೂರಿಕ್‌ನಲ್ಲಿ ಮೈಕೆಲ್ ಕಾಸ್‌ಫೆಲ್ಡ್, ಮಾರ್ಕಸ್ ಹೈನ್ರಿಕ್ಸ್, ಅರ್ನ್‌ಸ್ಟ್ ಫೇರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಸಾಧನ ‘ವಿಶ್ವಾಸದ ಆಟ’. ಹೂಡಿಕೆದಾರನ ಪಾತ್ರದಲ್ಲಿರುವವನ ಕೈಗೆ 12 ಘಟಕಗಳಷ್ಟು ಹಣ ಕೊಡಲಾಗುತ್ತದೆ. ಅದರಲ್ಲಿ ಅವನು 0, 4, 8 ಅಥವಾ 12 ಘಟಕಗಳನ್ನು ತಾನು ಅರಿಯದ ಇನ್ನೊಬ್ಬನಿಗೆ ಕಳಿಸಬಹುದು. ಕಳಿಸಿದ ಮೊತ್ತ ಮೂರು ಪಟ್ಟಾಗಿ ಎದುರಿನವನ ಕೈ ಸೇರುತ್ತದೆ. ಅದರಲ್ಲಿ ಎಷ್ಟು ಹಿಂದಿರುಗಿಸಬೇಕು, ಹಿಂದಿರುಗಿಸಬೇಕೋ ಬೇಡವೋ ಎಂಬುದು ಅವನ ಮರ್ಜಿ. ಎಷ್ಟು ಕಳಿಸುತ್ತಾನೆ ಎಂಬುದನ್ನೇ ವಿಶ್ವಾಸದ ಅಳತೆಯೆಂದು ಹಿಡಿಯಲಾಯಿತು. ಆಟಕ್ಕೆ ಸುಮಾರು 50 ನಿಮಿಷ ಮೊದಲು ಪುರುಷ ವಿದ್ಯಾರ್ಥಿಗಳಲ್ಲಿ ಕೆಲವರಿಗೆ 24 ಅಂತಾರಾಷ್ಟ್ರೀಯ ಯೂನಿಟ್ ಆಕ್ಸಿಟೋಸಿನ್, ಉಳಿದವರಿಗೆ ಹಾರ್ಮೋನಿಲ್ಲದ ಪ್ಲಸೀಬೊ ಸ್ಪ್ರೇ ನೀಡಲಾಗಿತ್ತು. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಭಾಗಿದಾರರಿಗಾಗಲಿ ಪ್ರಯೋಗ ನಡೆಸಿದವರಿಗಾಗಲಿ ತಿಳಿದಿರಲಿಲ್ಲ.

ಹೂಡಿಕೆದಾರರ ಸಂಖ್ಯೆ ಗುಂಪಿಗೆ 29. ಆಕ್ಸಿಟೋಸಿನ್ ಪಡೆದ 29 ಮಂದಿಯಲ್ಲಿ 13 ಜನ, ಅಂದರೆ ಶೇ. 45ರಷ್ಟು, ತಮ್ಮಲ್ಲಿದ್ದ ಎಲ್ಲವನ್ನೂ ಕಳಿಸಿದರು. ಪ್ಲಸೀಬೊ ಗುಂಪಿನಲ್ಲಿ ಹಾಗೆ ಮಾಡಿದವರು 6 ಜನ, ಶೇ. 21. ಸರಾಸರಿ ವರ್ಗಾವಣೆಯಲ್ಲಿ ಶೇ. 17ರಷ್ಟು ಹೆಚ್ಚಳ ಕಂಡಿತು. ಎದುರಾಳಿ ಮನುಷ್ಯನಲ್ಲದೆ ಯಾದೃಚ್ಛಿಕ ಕ್ರಮವೊಂದು ಫಲವನ್ನು ನಿರ್ಧರಿಸುವ ಇನ್ನೊಂದು ಆಟದಲ್ಲಿ ಆಕ್ಸಿಟೋಸಿನ್‌ನಿಂದ ವ್ಯತ್ಯಾಸವಾಗಲಿಲ್ಲ. ಆದ್ದರಿಂದ ಹಾರ್ಮೋನು ಅಪಾಯವನ್ನು ಎದುರಿಸುವ ಧೈರ್ಯವನ್ನಲ್ಲ, ಮನುಷ್ಯರ ಮೇಲಿನ ವಿಶ್ವಾಸವನ್ನೇ ಹೆಚ್ಚಿಸುತ್ತದೆ ಎಂಬ ತೀರ್ಮಾನಕ್ಕೆ ಬರಲಾಯಿತು.

ಪ್ಲಸೀಬೊ ಇತ್ತು, ಎರಡೂ ಕಡೆಯ ಮರೆ ಇತ್ತು, ನಿಜವಾದ ಹಣ ಪಣದಲ್ಲಿತ್ತು, ಪರ್ಯಾಯ ವಿವರಣೆಯನ್ನು ತಳ್ಳಿಹಾಕಲು ಪ್ರತ್ಯೇಕ ಪ್ರಯೋಗವೂ ಇತ್ತು. ವಿಧಾನದ ಪಾಠ ಮಾಡುವವರು ಕೇಳುವ ಬಹುತೇಕ ಅಂಶಗಳು ಅಲ್ಲಿದ್ದವು ಎಂಬುದನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ನ್ಯಾಯ.

ಗುಂಪಿಗೆ 29 ಜನ ಎಂಬುದರ ಅರ್ಥ

ಎರಡು ಗುಂಪುಗಳ ನಡುವಣ ವ್ಯತ್ಯಾಸವನ್ನು ಪರೀಕ್ಷಿಸುವಾಗ, ಗುಂಪಿಗೆ 29 ಜನರಿದ್ದರೆ, ಶೇ. 80ರ ಸಾಂಖ್ಯಿಕ ಶಕ್ತಿಯೊಂದಿಗೆ (ಅಂದರೆ ನಿಜವಾಗಿ ಇರುವ ಪರಿಣಾಮವನ್ನು ಪ್ರಯೋಗ ಕಂಡುಹಿಡಿಯುವ ಸಾಧ್ಯತೆ ಶೇ. 80 ಇರುವಂತೆ) ಹಿಡಿಯಬಲ್ಲದ್ದು ಸುಮಾರು 0.75 ಮಾನಕ ವಿಚಲನೆಯಷ್ಟು (ಜನರ ನಡುವಣ ಸಹಜ ಏರುಪೇರಿನ ಅಳತೆ ಇದು) ಅಂತರವನ್ನು ಮಾತ್ರ. ವರ್ತನೆಯ ವಿಜ್ಞಾನದಲ್ಲಿ ಅದು ದೊಡ್ಡ ಅಂತರ. ಹಾರ್ಮೋನಿನ ನಿಜವಾದ ಪರಿಣಾಮ 0.3ರಷ್ಟೇ ಇದ್ದರೆ, ಇಷ್ಟು ಜನರನ್ನಿಟ್ಟುಕೊಂಡು ಅದನ್ನು ಕಂಡುಹಿಡಿಯುವ ಸಾಧ್ಯತೆ ಶೇ. 20ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಶೇ. 80ಕ್ಕೆ ಏರಿಸಬೇಕಾದರೆ ಗುಂಪಿಗೆ ಸುಮಾರು 175 ಜನ ಬೇಕು, ಪರಿಣಾಮ 0.2ಕ್ಕೆ ಇಳಿದರೆ ಸುಮಾರು 394. ಇದು ಯಾವ ರಹಸ್ಯವೂ ಅಲ್ಲದ, ಪಠ್ಯಪುಸ್ತಕದ ಸೂತ್ರವೊಂದರಿಂದ ಕೆಲವೇ ನಿಮಿಷಗಳಲ್ಲಿ ಹೊರಬರುವ ಲೆಕ್ಕ.

ಶಕ್ತಿ ಕಡಿಮೆಯಿದ್ದರೆ ನಿಜವಾದ ಪರಿಣಾಮಗಳು ತಪ್ಪಿಹೋಗುತ್ತವೆ ಎಂಬುದಷ್ಟೇ ತೊಂದರೆ ಎಂದು ಹಲವರು ಭಾವಿಸುತ್ತಾರೆ. ಅದಕ್ಕಿಂತ ಹೆಚ್ಚಿನ ತೊಂದರೆ ತಪ್ಪಿಹೋಗದವುಗಳಲ್ಲಿದೆ. ಸಣ್ಣ ಪ್ರಯೋಗವೊಂದರಲ್ಲಿ ಸಾರ್ಥಕತೆಯ ಮಿತಿಯನ್ನು, ಅಂದರೆ ಫಲ ಬರಿಯ ಆಕಸ್ಮಿಕವಲ್ಲವೆಂದು ಒಪ್ಪಲು ರೂಢಿಯಲ್ಲಿರುವ ಗೆರೆಯನ್ನು, ದಾಟಬೇಕಾದರೆ ಕಂಡುಬರುವ ಅಂತರ ನಿಜಕ್ಕಿಂತ ಬಹಳ ದೊಡ್ಡದಾಗಿಯೇ ಕಾಣಬೇಕು. ದೊಡ್ಡ ತೂತುಗಳ ಜರಡಿಯಲ್ಲಿ ಸೋಸಿದಾಗ ಮೇಲುಳಿಯುವುದು ದಪ್ಪ ಕಲ್ಲುಗಳೇ ಆದಂತೆ, ಸಣ್ಣ ಪ್ರಯೋಗಗಳಿಂದ ಪ್ರಕಟಣೆಗೆ ಅರ್ಹವಾಗಿ ಉಳಿಯುವುದು ಉತ್ಪ್ರೇಕ್ಷಿತ ಅಂದಾಜುಗಳೇ. ಆ ಅಂದಾಜನ್ನು ನಂಬಿ ಮುಂದಿನವರು ತಮ್ಮ ಪ್ರಯೋಗದ ಗಾತ್ರವನ್ನು ನಿರ್ಧರಿಸಿದರೆ ಅವರದ್ದೂ ಸಣ್ಣದಾಗುತ್ತದೆ. ದೋಷ ಹೀಗೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ. ಮೂಗಿನ ಆಕ್ಸಿಟೋಸಿನ್ ಕುರಿತ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ ಹಾಸೆ ವಾಲುಮ್, ಲ್ಯಾರಿ ಯಂಗ್ ಮತ್ತು ಸಂಗಡಿಗರು 2016ರಲ್ಲಿ ಬರೆದ ಪ್ರಬಂಧವು, ಆರೋಗ್ಯವಂತರ ಮೇಲಿನ ಪ್ರಯೋಗಗಳ ಸಾಂಖ್ಯಿಕ ಶಕ್ತಿ ಸರಿಸುಮಾರು ಶೇ. 16, ರೋಗಿಗಳ ಮೇಲಿನವುಗಳದ್ದು ಶೇ. 12 ಎಂದು ಅಂದಾಜಿಸಿತು. ಯಂಗ್ ಅವರು ಪ್ರೇರಿ ವೋಲ್ ಎಂಬ ದಂಶಕಗಳ ಜೋಡಿ ಬಾಂಧವ್ಯದಲ್ಲಿ ಆಕ್ಸಿಟೋಸಿನ್‌ನ ಪಾತ್ರವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು; ಟೀಕೆ ಹೊರಗಿನಿಂದ ಬಂದದ್ದಲ್ಲ ಎಂಬುದು ಗಮನಾರ್ಹ.

ಮೂಲ ಪ್ರಬಂಧದ ಮುಖ್ಯ ಪರೀಕ್ಷೆಯ ಪಿ ಮೌಲ್ಯ, ಅಂದರೆ ಪರಿಣಾಮವೇ ಇಲ್ಲದಿದ್ದರೂ ಇಷ್ಟಾದರೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, 0.029. ಅದು ಒಂದೇ ದಿಕ್ಕಿನ ಪರೀಕ್ಷೆಯದ್ದು ಎಂದು ಲೇಖಕರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಎರಡೂ ದಿಕ್ಕುಗಳನ್ನು ಗಣಿಸುವ ಸಾಮಾನ್ಯ ರೂಢಿಯಂತೆ ನೋಡಿದರೆ ಅದೇ ಸಂಖ್ಯೆ 0.058 ಆಗುತ್ತದೆ, ಅಂದರೆ 0.05ರ ಗೆರೆಯ ಆಚೆಗೆ ಉಳಿಯುತ್ತದೆ. ಒಂದೇ ದಿಕ್ಕಿನ ಪರೀಕ್ಷೆ ಅಕ್ರಮವೇನಲ್ಲ. ಪ್ರಾಣಿಗಳಲ್ಲಿ ಆಕ್ಸಿಟೋಸಿನ್ ಸಾಮೀಪ್ಯವನ್ನು ಹೆಚ್ಚಿಸುತ್ತದೆ ಎಂಬ ಹಿನ್ನೆಲೆಯಿದ್ದಾಗ ಏರಿಕೆಯನ್ನಷ್ಟೇ ನಿರೀಕ್ಷಿಸುವುದಕ್ಕೆ ತರ್ಕವಿದೆ. ಆದರೆ ಆ ಆಯ್ಕೆ ದತ್ತಾಂಶವನ್ನು ನೋಡುವ ಮೊದಲು ಆದದ್ದೇ ಎಂದು ಓದುಗನು ಖಚಿತಪಡಿಸಿಕೊಳ್ಳುವ ದಾರಿ ಇರಬೇಕು. ದಿನಾಂಕ ಸಹಿತ ಸಾರ್ವಜನಿಕ ದಾಖಲೆಯೊಂದಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ವರ್ತನೆಯ ಪ್ರಯೋಗಗಳಿಗೆ ಅಂಥ ದಾಖಲೆಯನ್ನು ಅಂದು ಯಾರೂ ಕೇಳುತ್ತಿರಲಿಲ್ಲ. ಔಷಧಿಗಳ ಕ್ಲಿನಿಕಲ್ ಪ್ರಯೋಗಗಳಿಗಾಗಿ ಅಮೆರಿಕದ ಸಾರ್ವಜನಿಕ ನೋಂದಣಿ ವ್ಯವಸ್ಥೆ 2000ದಲ್ಲೇ ತೆರೆದಿತ್ತು. ಆರೋಗ್ಯವಂತ ವಿದ್ಯಾರ್ಥಿಗಳಿಗೆ ಹಾರ್ಮೋನು ಕೊಟ್ಟು ಆಟ ಆಡಿಸುವುದನ್ನು ಅದೇ ಶಿಸ್ತಿನಡಿ ತರಬೇಕೆಂದು ಯಾರಿಗೂ ತೋಚಿರಲಿಲ್ಲ.

ಇನ್ನೊಂದು ಅಂಶವನ್ನು ಇಲ್ಲೇ ಹೇಳಿಬಿಡಬೇಕು. ವಿಶ್ವಾಸದ ಆಟದಲ್ಲಿ ವ್ಯತ್ಯಾಸ ಸಾರ್ಥಕ, ಅಪಾಯದ ಆಟದಲ್ಲಿ ಸಾರ್ಥಕವಲ್ಲ, ಆದ್ದರಿಂದ ಹಾರ್ಮೋನು ಎರಡರಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತದೆ ಎಂಬ ವಾದ ಈ ಪ್ರಬಂಧವನ್ನು ಉಲ್ಲೇಖಿಸಿದವರಲ್ಲಿ ಬಹಳ ಪ್ರಚಲಿತವಾಗಿತ್ತು. ಎರಡು ವ್ಯತ್ಯಾಸಗಳ ನಡುವಣ ವ್ಯತ್ಯಾಸವನ್ನೇ ನೇರವಾಗಿ ಪರೀಕ್ಷಿಸದ ಹೊರತು ಈ ವಾದಕ್ಕೆ ಬಲವಿಲ್ಲ, ಮತ್ತು ಅಂಥ ಪರೀಕ್ಷೆಗೆ ಬೇಕಾಗುವ ಜನಸಂಖ್ಯೆ ಇನ್ನೂ ಹೆಚ್ಚು.

‘ಸಂದರ್ಭಕ್ಕೆ ತಕ್ಕಂತೆ’ ಎಂಬ ಆಸರೆ

2005ರ ನಂತರ ಬಂದ ಪ್ರಯೋಗಗಳಲ್ಲಿ ಕೆಲವು ಅದೇ ಫಲವನ್ನು ಕಂಡವು, ಕೆಲವು ಏನನ್ನೂ ಕಾಣಲಿಲ್ಲ, ಕೆಲವು ತದ್ವಿರುದ್ಧವನ್ನೇ ಕಂಡವು. ಇಂಥ ಪರಿಸ್ಥಿತಿಯಲ್ಲಿ ಒಂದು ಕ್ಷೇತ್ರ ಎರಡು ದಾರಿಗಳಲ್ಲಿ ಸಾಗಬಹುದು: ಮೂಲ ಪ್ರಯೋಗವನ್ನು ಅದೇ ರೂಪದಲ್ಲಿ, ದೊಡ್ಡ ಪ್ರಮಾಣದಲ್ಲಿ ಮತ್ತೆ ಮಾಡಿ ನೋಡುವುದು ಒಂದು, ಪರಿಣಾಮ ಇದ್ದೇ ಇದೆ ಎಂದು ಹಿಡಿದು, ಅದು ಯಾರಲ್ಲಿ ಮತ್ತು ಯಾವಾಗ ಕಾಣುತ್ತದೆ ಎಂದು ಹುಡುಕುವುದು ಇನ್ನೊಂದು. ಕ್ಷೇತ್ರ ಬಹುಮಟ್ಟಿಗೆ ಎರಡನೆಯದನ್ನು ಹಿಡಿಯಿತು. ಎದುರಿನವರು ತಮ್ಮ ಗುಂಪಿನವರಾಗಿದ್ದರೆ ಮಾತ್ರ, ಬಾಲ್ಯದ ಅನುಭವ ಇಂಥದ್ದಾಗಿದ್ದರೆ ಮಾತ್ರ, ಇಂಥ ಜೀನ್ ರೂಪವಿದ್ದರೆ ಮಾತ್ರ, ಮೊದಲೇ ಆತಂಕದ ಸ್ವಭಾವವಿದ್ದರೆ ಮಾತ್ರ ಎಂಬ ಷರತ್ತುಗಳು ಒಂದರ ಮೇಲೊಂದು ಸೇರತೊಡಗಿದವು.

ಸಂದರ್ಭ ಮುಖ್ಯ ಎಂಬುದು ಸುಳ್ಳಲ್ಲ. ಹಾರ್ಮೋನುಗಳ ಕೆಲಸವೇ ದೇಹದ ಸ್ಥಿತಿಗೂ ಸುತ್ತಲಿನ ಪರಿಸ್ಥಿತಿಗೂ ವರ್ತನೆಯನ್ನು ಹೊಂದಿಸುವುದು. ಟೆಸ್ಟೊಸ್ಟೆರೋನ್, ಕಾರ್ಟಿಸಾಲ್, ಎಸ್ಟ್ರಾಡಿಯಾಲ್ ಯಾವುದನ್ನೇ ತೆಗೆದುಕೊಂಡರೂ ಎಲ್ಲರಲ್ಲಿ, ಎಲ್ಲ ಹೊತ್ತಿನಲ್ಲಿ ಒಂದೇ ಪರಿಣಾಮ ಎಂಬ ಮಾತು ಜೀವಶಾಸ್ತ್ರಕ್ಕೆ ಒಗ್ಗುವುದಿಲ್ಲ. ಈ ಕಾರಣಕ್ಕೇ ಈ ವಿಜ್ಞಾನಕ್ಕೆ ಉಳಿದವುಗಳಿಗಿಂತ ಹೆಚ್ಚಿನ ಎಚ್ಚರ ಬೇಕು. ಮುಖ್ಯ ಪರಿಣಾಮ ಕಾಣದಿದ್ದಾಗ ದತ್ತಾಂಶವನ್ನು ಹತ್ತು ಪರಸ್ಪರ ಸ್ವತಂತ್ರ ವಿಧಗಳಲ್ಲಿ ವಿಂಗಡಿಸಿ ನೋಡಿದರೆ, ಹಾರ್ಮೋನಿಗೆ ಯಾವ ಪರಿಣಾಮವೂ ಇಲ್ಲದಿದ್ದಾಗಲೂ, ಒಂದರಲ್ಲಾದರೂ 0.05ರ ಮಿತಿಯೊಳಗಿನ ‘ಶೋಧ’ ಸಿಗುವ ಸಾಧ್ಯತೆ ಶೇ. 40. ಆ ಹತ್ತರಲ್ಲಿ ಒಂಬತ್ತನ್ನು ಹೇಳದೆ ಬಿಟ್ಟು ಒಂದನ್ನು ಮೊದಲೇ ಊಹಿಸಿದ್ದಂತೆ ಬರೆದರೆ ಓದುಗನಿಗೆ ತಿಳಿಯುವ ಬಗೆಯೇ ಇಲ್ಲ. ಬರೆಯುವವನು ಇದನ್ನು ಮೋಸವೆಂದು ಭಾವಿಸಿರುವುದೂ ಇಲ್ಲ. ಫಲಿತಾಂಶ ಕಂಡ ಮೇಲೆ ಅದಕ್ಕೊಂದು ಸಮಂಜಸವಾದ ವಿವರಣೆ ಹೊಳೆಯುತ್ತದೆ, ಹೊಳೆದ ಮೇಲೆ ಅದು ಮೊದಲಿನಿಂದಲೂ ತನ್ನ ಮನಸ್ಸಿನಲ್ಲಿತ್ತು ಎನ್ನಿಸತೊಡಗುತ್ತದೆ.

2015ರಲ್ಲಿ ಗಿಡಿಯನ್ ನಾವೆ, ಕಾಲಿನ್ ಕ್ಯಾಮರರ್ ಮತ್ತು ಮೈಕೆಲ್ ಮೆಕಲಾ ಅವರು ವಿಶ್ವಾಸ ಮತ್ತು ಆಕ್ಸಿಟೋಸಿನ್ ಕುರಿತ ಮೂರು ಬಗೆಯ ಪುರಾವೆಗಳನ್ನು ಒಟ್ಟಿಗೆ ತೂಗಿ ನೋಡಿದರು: ಮೂಗಿನ ಸ್ಪ್ರೇ ಪ್ರಯೋಗಗಳು, ರಕ್ತದಲ್ಲಿನ ಮಟ್ಟ ಮತ್ತು ಜೀನ್ ರೂಪಾಂತರಗಳು. ವಿಶ್ವಾಸದ ಆಟದ ಮರುಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಪರಿಣಾಮವನ್ನು ಸೊನ್ನೆಯಿಂದ ಬೇರೆಯೆಂದು ಹೇಳಲಾಗಲಿಲ್ಲ. ಉಳಿದ ಎರಡೂ ಪುರಾವೆಗಳು ದುರ್ಬಲವೆಂದು ತೀರ್ಮಾನವಾಯಿತು.

ಡ್ರಾಯರ್ ತೆರೆದ ಪ್ರಯೋಗಾಲಯ

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ದಾಖಲೆ ಬೆಲ್ಜಿಯಂನ ಲೂವೇನ್ ವಿಶ್ವವಿದ್ಯಾಲಯದ ಮೊಯ್ರಾ ಮಿಕೊಲಾಯ್ಜಾಕ್, ಆಂಥನಿ ಲೇನ್ ಮತ್ತು ಸಂಗಡಿಗರದ್ದು. 2010ರಲ್ಲಿ ಇದೇ ಪ್ರಯೋಗಾಲಯ, ಭಾಗಿದಾರರು ತಮ್ಮ ಖಾಸಗಿ ಮಾಹಿತಿಯನ್ನು ಬರೆದು ಲಕೋಟೆಯಲ್ಲಿಟ್ಟು ಒಪ್ಪಿಸುವಾಗ ಅದನ್ನು ಅಂಟಿಸುತ್ತಾರೋ ಹಾಗೇ ಬಿಡುತ್ತಾರೋ ಎಂಬುದನ್ನು ವಿಶ್ವಾಸದ ಅಳತೆಯಾಗಿ ಬಳಸಿ, ಆಕ್ಸಿಟೋಸಿನ್‌ಗೆ ಬಹಳ ದೊಡ್ಡ ಪರಿಣಾಮವಿದೆ ಎಂದು ವರದಿ ಮಾಡಿತ್ತು. ಆ ಕ್ಷೇತ್ರದ ಅತಿ ಬಲವಾದ ಫಲಿತಾಂಶಗಳಲ್ಲಿ ಅದೂ ಒಂದು. 2015ರಲ್ಲಿ ಅವರೇ ಅದನ್ನು ಎರಡು ಬಾರಿ, ಒಮ್ಮೆ 95 ಹಾಗೂ ಇನ್ನೊಮ್ಮೆ 61 ಜನರೊಂದಿಗೆ ಮರಳಿ ಮಾಡಿ, ಪರಿಣಾಮ ಸಿಗಲಿಲ್ಲವೆಂದು ಪ್ರಕಟಿಸಿದರು. ದೊಡ್ಡ ಪರಿಣಾಮವಿದ್ದಿದ್ದರೆ ಕಾಣಲೇಬೇಕಿತ್ತು, ಸಣ್ಣದೊಂದು ಇದ್ದರೂ ಇರಬಹುದು, ಅದನ್ನು ಈ ಗಾತ್ರದಲ್ಲಿ ಹೇಳಲಾಗದು ಎಂಬ ಅವರ ಮಾತಿನ ಅಳತೆ ಮೆಚ್ಚತಕ್ಕದ್ದು.

ಅವರು ಅಲ್ಲಿಗೇ ನಿಲ್ಲಲಿಲ್ಲ. 2009ರಿಂದ 2014ರವರೆಗೆ ತಮ್ಮಲ್ಲಿ ನಡೆದ ಎಲ್ಲ ಆಕ್ಸಿಟೋಸಿನ್ ಪ್ರಯೋಗಗಳನ್ನು, ಪ್ರಕಟವಾಗದೆ ಡ್ರಾಯರಿನಲ್ಲೇ ಉಳಿದವನ್ನೂ ಸೇರಿಸಿ, ಹೊರತೆಗೆದು 2016ರಲ್ಲಿ ಒಂದೇ ಪ್ರಬಂಧದಲ್ಲಿ ಮುಂದಿಟ್ಟರು: ಒಟ್ಟು 8 ಅಧ್ಯಯನಗಳು, 453 ಭಾಗಿದಾರರು, 13 ಅಳತೆಯ ಚರಗಳು, 25 ಬಗೆಯ ಪ್ರಯೋಗ ಮಾದರಿಗಳು. ಇವುಗಳಿಂದ ಅದುವರೆಗೆ ಹೊರಬಂದಿದ್ದ ಪ್ರಬಂಧಗಳು ಐದು, ಆ ಐದರಲ್ಲಿ ಪರಿಣಾಮ ಕಾಣಲಿಲ್ಲ ಎಂದು ಹೇಳಿದ್ದು ಒಂದೇ ಒಂದು. ತಮ್ಮ ಪ್ರಕಟಣೆಗಳ ಪಟ್ಟಿ ತಮ್ಮ ನಿಜವಾದ ಶೋಧಗಳನ್ನು ಪ್ರತಿನಿಧಿಸುತ್ತಿಲ್ಲ ಎಂಬ ಅರಿವು ಮೂಡಿದ್ದರಿಂದ ಹೀಗೆ ಮಾಡಿದ್ದಾಗಿ ಲೇಖಕರು ಹೇಳಿಕೊಂಡರು, ಇತರ ಪ್ರಯೋಗಾಲಯಗಳನ್ನೂ ಹಾಗೇ ಮಾಡುವಂತೆ ಕೋರಿದರು.

ಪರಿಣಾಮ ಕಂಡ ಪ್ರಯೋಗಗಳೇ ಹೆಚ್ಚಾಗಿ ಪ್ರಕಟವಾಗುವ ಈ ಪ್ರಕಟಣೆಯ ಪಕ್ಷಪಾತವನ್ನು ಅಂದಾಜು ಮಾಡಲು ಸಂಖ್ಯಾಶಾಸ್ತ್ರದಲ್ಲಿ ಹಲವು ವಿಧಾನಗಳಿವೆ; ಅವೆಲ್ಲ ಪ್ರಕಟವಾದವುಗಳ ಹಂಚಿಕೆಯನ್ನು ನೋಡಿ ಪ್ರಕಟವಾಗದವುಗಳನ್ನು ಊಹಿಸುವ ಯತ್ನಗಳು. ಇಲ್ಲಿ ಊಹೆಗೆ ಅವಕಾಶವೇ ಇರಲಿಲ್ಲ. ಒಂದು ಪ್ರಯೋಗಾಲಯದ ಛೇದವೂ (ನಡೆದ ಪ್ರಯೋಗಗಳೆಲ್ಲ) ಅಂಶವೂ (ಪ್ರಕಟವಾದವು) ಎರಡೂ ಒಟ್ಟಿಗೆ ಕಣ್ಣೆದುರು ಬಂದವು. ದತ್ತಾಂಶವನ್ನು ಹಂಚಿಕೊಳ್ಳಬೇಕು ಎಂಬ ಒತ್ತಾಯ ಇಂದು ವ್ಯಾಪಕವಾಗಿದೆ, ಒಳ್ಳೆಯದೇ. ಆದರೆ ಪ್ರಕಟವಾದ ಪ್ರಬಂಧದ ದತ್ತಾಂಶವನ್ನಷ್ಟೇ ಹಂಚಿಕೊಂಡರೆ ಪ್ರಕಟವಾಗದ ಪ್ರಯೋಗಗಳ ವಿಷಯದಲ್ಲಿ ಓದುಗ ಮೊದಲಿನಷ್ಟೇ ಕತ್ತಲಲ್ಲಿರುತ್ತಾನೆ. ಪ್ರಯೋಗ ಆರಂಭವಾಗುವ ಮೊದಲೇ ಅದರ ಇರುವಿಕೆ ದಾಖಲಾದರೆ ಮಾತ್ರ ನಂತರ ಯಾವುದು ಕಾಣೆಯಾಯಿತು ಎಂದು ಎಣಿಸಬಹುದು. ಹೀಗೆ ಪ್ರಯೋಗ ಮತ್ತು ವಿಶ್ಲೇಷಣೆಯ ಯೋಜನೆಯನ್ನು ಮೊದಲೇ ದಾಖಲಿಸುವ ಪೂರ್ವನೋಂದಣಿಯನ್ನು ವಿಶ್ಲೇಷಣೆಗೆ ಹಾಕುವ ಕಡಿವಾಣವಾಗಿ ಮಾತ್ರ ನೋಡುವವರು ಈ ಎರಡನೆಯ ಉಪಯೋಗವನ್ನು ಮರೆಯುತ್ತಾರೆ. ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಬೆಲೆಯದ್ದು.

ಹನಿ ರಕ್ತದಲ್ಲಿ ಎಷ್ಟು

ಮನಶ್ಶಾಸ್ತ್ರದ ಇತರ ಶಾಖೆಗಳಿಗೆ ರೂಪಿಸಿದ ಮುಕ್ತ ಸಂಶೋಧನೆಯ ನಿಯಮಗಳನ್ನು ಹಾಗೇ ಎತ್ತಿ ಹಾರ್ಮೋನು ಸಂಶೋಧನೆಗೆ ಅನ್ವಯಿಸಿದರೆ ಸಾಲದು ಎಂಬುದನ್ನು ಈ ಪ್ರಕರಣದ ಇನ್ನೊಂದು ಎಳೆ ತೋರಿಸುತ್ತದೆ. ರಕ್ತದಲ್ಲಿ ಆಕ್ಸಿಟೋಸಿನ್ ಎಷ್ಟಿದೆ ಎಂದು ಅಳೆಯಲು ಬಳಕೆಯಲ್ಲಿರುವ ಕಿಟ್‌ಗಳು ಪ್ರತಿಕಾಯವೊಂದು (ಆಂಟಿಬಾಡಿ) ಹಾರ್ಮೋನಿಗೆ ಅಂಟಿಕೊಳ್ಳುವುದನ್ನು ಅವಲಂಬಿಸಿವೆ. ಮಾದರಿಯಿಂದ ಪ್ರೋಟೀನು ಮತ್ತಿತರ ವಸ್ತುಗಳನ್ನು ಮೊದಲು ಬೇರ್ಪಡಿಸದೆ ನೇರವಾಗಿ ಅಳೆದರೆ ಪ್ರತಿಕಾಯ ಬೇರೆ ಅಣುಗಳನ್ನೂ ಹಿಡಿಯುತ್ತದೆ. ಬೇರ್ಪಡಿಸಿ ಅಳೆದಾಗ ಒಂದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ ಸಿಗುವ ಕಡೆ ಬೇರ್ಪಡಿಸದೆ ಅಳೆದರೆ ನೂರಾರು ಪಿಕೋಗ್ರಾಂ ಸಿಗುತ್ತದೆ. 2013ರಲ್ಲಿ ಮೆಕಲಾ ಮತ್ತು ಸಹಲೇಖಕರು ಈ ನೂರು ಪಟ್ಟಿನಷ್ಟು ಅಂತರವನ್ನು ಎತ್ತಿ ತೋರಿಸಿ, ವರ್ತನೆಯೊಂದಿಗೆ ರಕ್ತದ ಆಕ್ಸಿಟೋಸಿನ್ ಮಟ್ಟವನ್ನು ತಳುಕುಹಾಕಿದ ಅನೇಕ ಪ್ರಬಂಧಗಳು ನಿಜವಾಗಿ ಅಳೆದದ್ದೇನು ಎಂದು ಪ್ರಶ್ನಿಸಿದರು.

ಇಂಥ ಪ್ರಬಂಧವೊಂದು ತನ್ನ ದತ್ತಾಂಶ, ವಿಶ್ಲೇಷಣೆಯ ಕೋಡ್, ಪ್ರಶ್ನಾವಳಿ ಎಲ್ಲವನ್ನೂ ಸಾರ್ವಜನಿಕವಾಗಿ ಇಟ್ಟಿದೆ ಎಂದೇ ಭಾವಿಸೋಣ. ಯಾರು ಬೇಕಾದರೂ ಕೋಡನ್ನು ಓಡಿಸಿ ಅದೇ ಸಂಖ್ಯೆಯನ್ನು ಪಡೆಯಬಹುದು. ಆದರೂ ಆ ಸಂಖ್ಯೆ ಆಕ್ಸಿಟೋಸಿನ್‌ನದ್ದಲ್ಲ. ಈ ಕ್ಷೇತ್ರದಲ್ಲಿ ಮುಕ್ತತೆ ಕಂಪ್ಯೂಟರಿನ ಕಡತದಿಂದಲ್ಲ, ಪರೀಕ್ಷಾ ನಳಿಕೆಯಿಂದ ಆರಂಭವಾಗಬೇಕು. ಮಾದರಿಯನ್ನು ದಿನದ ಯಾವ ಹೊತ್ತಿನಲ್ಲಿ ತೆಗೆದದ್ದು, ಯಾವ ತಾಪಮಾನದಲ್ಲಿ ಎಷ್ಟು ಕಾಲ ಇಟ್ಟದ್ದು, ಯಾವ ಕಿಟ್, ಬೇರ್ಪಡಿಸುವಿಕೆ ನಡೆಯಿತೋ ಇಲ್ಲವೋ, ಒಂದೇ ಮಾದರಿಯನ್ನು ಎರಡು ಬಾರಿ ಅಳೆದಾಗ ಎಷ್ಟು ವ್ಯತ್ಯಾಸ, ಮಾದರಿಗಳನ್ನಿಟ್ಟು ಅಳೆಯುವ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಎಷ್ಟು ವ್ಯತ್ಯಾಸ, ಕಿಟ್‌ನ ಪತ್ತೆ ಮಿತಿಗಿಂತ ಕೆಳಗೆ ಬಿದ್ದ ಮೌಲ್ಯಗಳಿಗೆ ಏನು ಮಾಡಲಾಯಿತು ಎಂಬುದೆಲ್ಲ ಸಂಸ್ಕರಿಸದ ಮೂಲ ಅಳತೆಗಳೊಂದಿಗೆ ಲಭ್ಯವಿರಬೇಕು. ಕಡೆಯದು ಕ್ಷುಲ್ಲಕವಾಗಿ ಕಂಡರೂ ಹಾಗಲ್ಲ: ಮಿತಿಗಿಂತ ಕೆಳಗಿನವುಗಳನ್ನು ಬಿಟ್ಟುಬಿಡುವುದು, ಸೊನ್ನೆಯೆಂದು ಬರೆಯುವುದು, ಮಿತಿಯ ಅರ್ಧವೆಂದು ಬರೆಯುವುದು, ಈ ಮೂರರಲ್ಲಿ ಯಾವುದನ್ನು ಆರಿಸಿದಿರಿ ಎಂಬುದರಿಂದಲೇ ಒಂದು ಸಹಸಂಬಂಧ ಹುಟ್ಟಬಹುದು, ಸಾಯಬಹುದು. ಹಾರ್ಮೋನಿನ ಮೌಲ್ಯಗಳ ಹಂಚಿಕೆ ಬಲಕ್ಕೆ ಉದ್ದವಾಗಿ ಚಾಚಿರುವುದರಿಂದ ಲಾಗರಿದಮ್ ತೆಗೆಯುವುದೂ, ಅತಿರೇಕದ ಮೌಲ್ಯಗಳನ್ನು ಕೈಬಿಡುವುದೂ ರೂಢಿ. ಅವುಗಳ ನಿಯಮವನ್ನು ಮೊದಲೇ ಬರೆದಿಡದಿದ್ದರೆ ಪ್ರತಿಯೊಂದೂ ಒಂದೊಂದು ಕವಲುದಾರಿ. ಭಾಗಿದಾರರಲ್ಲಿ ಮಹಿಳೆಯರಿದ್ದರೆ ಋತುಚಕ್ರದ ಹಂತ ಮತ್ತು ಗರ್ಭನಿರೋಧಕ ಮಾತ್ರೆಗಳ ಬಳಕೆಯನ್ನು ಹೇಗೆ ನಿರ್ಧರಿಸಲಾಗುವುದು ಎಂಬುದೂ ಸೇರಿಕೊಳ್ಳುತ್ತದೆ.

ಸ್ಪ್ರೇ ಪ್ರಯೋಗಗಳಿಗೂ ತಮ್ಮದೇ ಆದ ತೊಡಕಿದೆ. ಮೂಗಿನಿಂದ ಮಿದುಳಿಗೆ ಎಷ್ಟು ಆಕ್ಸಿಟೋಸಿನ್ ತಲುಪುತ್ತದೆ, ಯಾವ ದಾರಿಯಲ್ಲಿ ತಲುಪುತ್ತದೆ ಎಂಬುದು ವಿವಾದದ ವಿಷಯ. ತಲುಪುವುದು ಅತ್ಯಲ್ಪ ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ರಕ್ತಕ್ಕೆ ಸೇರಿದ ಭಾಗ ಹೊರದೇಹದಲ್ಲಿ ಕೆಲಸ ಮಾಡಿ ಪರೋಕ್ಷವಾಗಿ ವರ್ತನೆಯನ್ನು ಬದಲಿಸಿರಬಹುದು ಎಂಬ ಸಾಧ್ಯತೆಯನ್ನು ಪ್ಲಸೀಬೊ ತಳ್ಳಿಹಾಕುವುದಿಲ್ಲ. 24 ಯೂನಿಟ್ ಎಂಬ ಪ್ರಮಾಣ ಪ್ರಬಂಧದಿಂದ ಪ್ರಬಂಧಕ್ಕೆ ನಡೆದುಬಂದದ್ದು ಅದು ಸೂಕ್ತವೆಂದು ಸಾಬೀತಾಗಿ ಅಲ್ಲ, ಹಿಂದಿನವರು ಬಳಸಿದ್ದರೆಂದು.

ಮರುಪ್ರಯೋಗ

ಕ್ಯಾರೊಲಿನ್ ಡೆಕ್ಲರ್ಕ್ ಅವರು ಆಂಟ್‌ವರ್ಪ್ ವಿಶ್ವವಿದ್ಯಾಲಯದವರು. ಜನರ ನಡುವೆ ಅಲ್ಪಸ್ವಲ್ಪ ಮುಖಪರಿಚಯವಿದ್ದಾಗ ಆಕ್ಸಿಟೋಸಿನ್ ಸಹಕಾರವನ್ನು ಹೆಚ್ಚಿಸುತ್ತದೆ, ಇಲ್ಲದಿದ್ದಾಗ ಹೆಚ್ಚಿಸುವುದಿಲ್ಲ ಎಂಬ ಅರ್ಥದ ಫಲಿತಾಂಶವನ್ನು 2010ರಲ್ಲೇ ಅವರು ಪ್ರಕಟಿಸಿದ್ದರು. ವಿಫಲವಾದ ಮರುಪ್ರಯೋಗಗಳ ಬಗ್ಗೆ ಒಂದು ಆಕ್ಷೇಪ ಇದೇ ಆಗಿತ್ತು: ಝೂರಿಕ್‌ನ ಪ್ರಯೋಗದಲ್ಲಿ ಆಟಕ್ಕೆ ಮೊದಲು ಭಾಗಿದಾರರು ಪರಸ್ಪರ ಕಂಡಿದ್ದರು, ಅಷ್ಟಿಷ್ಟು ಸಂಪರ್ಕವಿತ್ತು, ನಂತರದವರು ಅದನ್ನು ಬಿಟ್ಟುಬಿಟ್ಟರು, ಆದ್ದರಿಂದ ಅವು ನಿಜವಾದ ಮರುಪ್ರಯೋಗಗಳಲ್ಲ.

ಇಂಥ ಆಕ್ಷೇಪ ಫಲಿತಾಂಶ ಬಂದ ಮೇಲೆ ಎದ್ದರೆ ಅದನ್ನು ಬಗೆಹರಿಸುವ ಉಪಾಯವಿಲ್ಲ, ಏಕೆಂದರೆ ಎರಡು ಪ್ರಯೋಗಗಳ ನಡುವೆ ಯಾವುದಾದರೊಂದು ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಡೆಕ್ಲರ್ಕ್ ಮತ್ತು ಸಂಗಡಿಗರು ಆಕ್ಷೇಪವನ್ನೇ ಪ್ರಯೋಗದ ವಿನ್ಯಾಸದೊಳಕ್ಕೆ ತಂದರು: ಕೆಲವರಿಗೆ ಆಟಕ್ಕೆ ಮೊದಲು ಕನಿಷ್ಠ ಸಂಪರ್ಕ, ಉಳಿದವರಿಗೆ ಯಾವ ಸಂಪರ್ಕವೂ ಇಲ್ಲ. ಮೂಲ ಪ್ರಬಂಧದ ಫೇರ್ ಅವರೇ ತಂಡದಲ್ಲಿದ್ದುದರಿಂದ, ಮೂಲ ವಿಧಾನವನ್ನು ಸರಿಯಾಗಿ ಅನುಸರಿಸಲಿಲ್ಲ ಎಂಬ ತಕರಾರಿಗೆ ಹೆಚ್ಚು ಜಾಗ ಉಳಿಯಲಿಲ್ಲ. ಭಾಗವಹಿಸಿದವರು 600ಕ್ಕೂ ಹೆಚ್ಚು ಪುರುಷರು; ಸಾಂಖ್ಯಿಕ ಶಕ್ತಿ ಶೇ. 95ಕ್ಕಿಂತ ಹೆಚ್ಚು, ಎರಡೂ ಕಡೆಯ ಮರೆ, ಪ್ಲಸೀಬೊ ಎಂದಿನಂತೆ. ಯಾವುದು ಮುಖ್ಯ ಪರೀಕ್ಷೆ, ಯಾವ ಫಲ ಬಂದರೆ ಏನೆಂದು ಅರ್ಥೈಸಲಾಗುವುದು ಎಂಬುದು ಮೊದಲೇ ನೋಂದಣಿಯಾಗಿತ್ತು.

ಕನಿಷ್ಠ ಸಂಪರ್ಕವಿದ್ದ ಸ್ಥಿತಿಯಲ್ಲಿ, ಅಂದರೆ ಪರಿಣಾಮ ಇರಲೇಬೇಕು ಎಂದು ವಾದಿಸಲಾಗಿದ್ದ ಸ್ಥಿತಿಯಲ್ಲೇ, ಆಕ್ಸಿಟೋಸಿನ್ ಪಡೆದವರ ವರ್ಗಾವಣೆ ಪ್ಲಸೀಬೊ ಪಡೆದವರಿಗಿಂತ ಭಿನ್ನವಾಗಿರಲಿಲ್ಲ. ದತ್ತಾಂಶವನ್ನು ಮುಂದಕ್ಕೆ ಶೋಧಿಸಿದಾಗ, ಸಂಪರ್ಕವಿಲ್ಲದ ಸ್ಥಿತಿಯಲ್ಲಿ, ಸ್ವಭಾವತಃ ಇತರರನ್ನು ನಂಬದವರಲ್ಲಿ ಮಾತ್ರ ಆಕ್ಸಿಟೋಸಿನ್ ವಿಶ್ವಾಸವನ್ನು ಹೆಚ್ಚಿಸಿರಬಹುದು ಎಂಬ ಸುಳಿವು ಸಿಕ್ಕಿತು. ಹಳೆಯ ಪದ್ಧತಿಯಲ್ಲಾದರೆ ಇದು ಪ್ರಬಂಧದ ಶೀರ್ಷಿಕೆಯಾಗಿಬಿಡುತ್ತಿತ್ತು: ನಂಬಿಕೆ ಇಲ್ಲದವರಲ್ಲಿ ನಂಬಿಕೆ ಮೂಡಿಸುವ ಹಾರ್ಮೋನು. ಇಲ್ಲಿ ಲೇಖಕರು ಅದನ್ನು ಫಲಿತಾಂಶ ಕಂಡ ಮೇಲಿನ ಶೋಧನಾತ್ಮಕ ವಿಶ್ಲೇಷಣೆ ಎಂದು ಹೆಸರಿಟ್ಟು ಹೇಳಿ, ಮುಂದಿನ ಸಂಶೋಧನೆ ದೃಢಪಡಿಸಬೇಕೆಂದು ಬರೆದರು. ಅವರೇನೂ ಹುಡುಕುವುದನ್ನು ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ಪೂರ್ವನೋಂದಣಿ ಸಂಶೋಧಕನ ಕುತೂಹಲದ ಕೈ ಕಟ್ಟುತ್ತದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಈ ಪ್ರಬಂಧ ಓದಿದವರು ಆ ದೂರನ್ನು ಗಂಭೀರವಾಗಿ ತೆಗೆದುಕೊಳ್ಳಲಾರರು.

2013ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆ ಆರಂಭಿಸಿದ ‘ನೋಂದಾಯಿತ ವರದಿ’ ಎಂಬ ಪ್ರಕಾರ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಅದರಲ್ಲಿ ಪ್ರಶ್ನೆ ಮತ್ತು ವಿಧಾನವನ್ನು ಮಾತ್ರ ನೋಡಿ, ದತ್ತಾಂಶ ಸಂಗ್ರಹಿಸುವ ಮೊದಲೇ ಪತ್ರಿಕೆ ಪ್ರಕಟಣೆಗೆ ತಾತ್ವಿಕ ಒಪ್ಪಿಗೆ ಕೊಡುತ್ತದೆ. ಫಲ ಏನೇ ಬಂದರೂ ಪ್ರಬಂಧ ಹೊರಬರುತ್ತದೆ. ಹಾರ್ಮೋನು ಪ್ರಯೋಗಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಮಾದರಿಗಳನ್ನು ಅಳೆಯುವ ವೆಚ್ಚ ದೊಡ್ಡದು, ಒಮ್ಮೆ ಕೆಟ್ಟರೆ ಮತ್ತೆ ಮಾಡಲಾಗದು. ಬೇರ್ಪಡಿಸದೆ ಅಳೆಯುತ್ತೀರೇಕೆ ಎಂದು ವಿಮರ್ಶಕನು ಕೇಳುವುದಾದರೆ ಆ ಪ್ರಶ್ನೆಯಿಂದ ಪ್ರಯೋಜನವಾಗುವುದು ಮಾದರಿಗಳು ಫ್ರೀಜರಿನಲ್ಲಿರುವಾಗಲೇ ಹೊರತು ಮುಗಿದ ಮೇಲಲ್ಲ.

ವೆಚ್ಚ ಮತ್ತು ಉಳಿದ ಪ್ರಶ್ನೆಗಳು

ವಿದ್ಯಾರ್ಥಿಗಳ ಆಟದಲ್ಲಿ ಒಂದು ಫಲಿತಾಂಶ ತಪ್ಪಾದರೆ ಯಾರಿಗೆ ನಷ್ಟ ಎಂದು ಕೇಳಬಹುದು. ಆಕ್ಸಿಟೋಸಿನ್ ಸಾಮಾಜಿಕ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ ಎಂಬ ಭರವಸೆ ಆಟಿಸಂ ಇರುವ ಮಕ್ಕಳ ಕುಟುಂಬಗಳವರೆಗೂ ತಲುಪಿತ್ತು. 3ರಿಂದ 17 ವರ್ಷದ 290 ಮಕ್ಕಳಿಗೆ 24 ವಾರಗಳ ಕಾಲ ದಿನವೂ ಮೂಗಿನ ಸ್ಪ್ರೇ ನೀಡಿ ಅಮೆರಿಕದಲ್ಲಿ ನಡೆಸಿದ ಕ್ಲಿನಿಕಲ್ ಪ್ರಯೋಗದ ಫಲ 2021ರಲ್ಲಿ ಪ್ರಕಟವಾಯಿತು. ಸಾಮಾಜಿಕ ವರ್ತನೆಯ ಅಳತೆಯಲ್ಲಿ ಆಕ್ಸಿಟೋಸಿನ್ ಮತ್ತು ಪ್ಲಸೀಬೊ ಗುಂಪುಗಳ ನಡುವೆ ಸಾರ್ಥಕ ವ್ಯತ್ಯಾಸವಿರಲಿಲ್ಲ. ಆ ಪ್ರಯೋಗ ನಡೆದದ್ದು ಸರಿಯೇ. ಆದರೆ ಅದಕ್ಕೆ ಹಿನ್ನೆಲೆಯಾಗಿದ್ದ ಸಣ್ಣ ಪ್ರಯೋಗಗಳ ಪೂರ್ಣ ಎಣಿಕೆ ಮೊದಲೇ ಸಿಕ್ಕಿದ್ದರೆ ಪೋಷಕರ ನಿರೀಕ್ಷೆಯೂ ವಿನ್ಯಾಸದ ಆಯ್ಕೆಗಳೂ ಬೇರೆಯಾಗಿರುತ್ತಿದ್ದವು ಎಂದು ಭಾವಿಸಲು ಆಸ್ಪದವಿದೆ.

ಇಷ್ಟರಿಂದ ಆಕ್ಸಿಟೋಸಿನ್‌ಗೂ ಸಾಮಾಜಿಕ ವರ್ತನೆಗೂ ಸಂಬಂಧವೇ ಇಲ್ಲ ಎಂದು ತೀರ್ಮಾನಿಸುವುದು ಮೊದಲಿನಷ್ಟೇ ದುಡುಕು. ಡೆಕ್ಲರ್ಕ್ ಅವರ ಫಲಿತಾಂಶ ಪುರುಷರಿಗೆ, ಒಂದು ಬಾರಿಯ ಸ್ಪ್ರೇಗೆ, ಒಂದು ಆಟಕ್ಕೆ ಸಂಬಂಧಿಸಿದ್ದು. ಪ್ರಾಣಿಗಳ ಕಡೆಯಿಂದಲೂ ಚಿತ್ರ ಸರಳವಾಗಿ ಉಳಿದಿಲ್ಲ: ಆಕ್ಸಿಟೋಸಿನ್ ಗ್ರಾಹಕವೇ (ಹಾರ್ಮೋನು ಅಂಟಿಕೊಳ್ಳುವ ಜೀವಕೋಶದ ಪ್ರೋಟೀನು) ಇಲ್ಲದಂತೆ ಜೀನ್ ತಿದ್ದಿದ ಪ್ರೇರಿ ವೋಲ್‌ಗಳು ಕೂಡ ಜೋಡಿ ಬಾಂಧವ್ಯ ಬೆಳೆಸಿಕೊಂಡವು ಎಂದು 2023ರಲ್ಲಿ ವರದಿಯಾಗಿದೆ, ಅದೂ ಗ್ರಾಹಕವನ್ನು ಔಷಧಿಯಿಂದ ತಡೆದಾಗ ಬಾಂಧವ್ಯ ಕುಂದುತ್ತದೆ ಎಂಬ ದಶಕಗಳ ಪುರಾವೆ ಇರುವಾಗ.

ಸ್ವಭಾವತಃ ನಂಬದವರ ಕುರಿತ ಆ ಶೋಧನಾತ್ಮಕ ಸುಳಿವನ್ನು ಪರೀಕ್ಷಿಸಹೊರಟವರು ಎದುರಿಸಬೇಕಾದ ಲೆಕ್ಕ ಹೀಗಿದೆ. ನಂಬುವವರು ಮತ್ತು ನಂಬದವರು ಸಮಪಾಲಿನಲ್ಲಿದ್ದರೆ, ಆ ಎರಡು ಬಗೆಯವರಲ್ಲಿ ಹಾರ್ಮೋನಿನ ಪರಿಣಾಮ ಬೇರೆ ಬೇರೆ ಎಂದು ತೋರಿಸುವ ಅಂದಾಜಿನ ಅನಿಶ್ಚಿತತೆ, ಒಟ್ಟಾರೆ ಪರಿಣಾಮದ ಅನಿಶ್ಚಿತತೆಯ ಎರಡು ಪಟ್ಟು. ಅಷ್ಟೇ ಗಾತ್ರದ ಅಂತರವನ್ನು ಅಷ್ಟೇ ಶಕ್ತಿಯಿಂದ ಹಿಡಿಯಲು ನಾಲ್ಕು ಪಟ್ಟು ಜನ ಬೇಕು. 0.3ರಷ್ಟು ಅಂತರಕ್ಕೆ ಗುಂಪಿಗೆ 175ರಂತೆ 350 ಜನ ಸಾಕಾಗುವ ಕಡೆ ಸುಮಾರು 1,400 ಜನ. ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯನ್ನು ಸ್ಪ್ರೇಗೆ ಮೊದಲೇ ತುಂಬಿಸಬೇಕು, ‘ನಂಬದವರು’ ಎಂದು ಕರೆಯುವ ಗೆರೆಯನ್ನು ಎಲ್ಲಿ ಎಳೆಯಲಾಗುವುದು ಎಂಬುದು ನೋಂದಣಿಯಲ್ಲಿರಬೇಕು, ಮತ್ತು ಇದು ಒಂದು ಪ್ರಯೋಗಾಲಯದ ಬಜೆಟ್ಟಿಗೆ ನಿಲುಕದ ಗಾತ್ರವಾದ್ದರಿಂದ ಹಲವು ಪ್ರಯೋಗಾಲಯಗಳು ಒಂದೇ ವಿಧಾನದಲ್ಲಿ, ಒಂದೇ ತಯಾರಿಕೆಯ ಸ್ಪ್ರೇಯೊಂದಿಗೆ ಕೈಜೋಡಿಸಬೇಕಾಗುತ್ತದೆ.